ಸಂತೆ, ಬ್ರೆಡ್ಡು, ಪೆಟ್ರೋಲು, ಆಮೇಲೆ ನದಿ ದಾರಿ: ಫ್ರಾನ್ಸಿನ ಹಳ್ಳಿಕಡೆ ಒಂದು ಅಕ್ಟೋಬರ್ ದಿನ

ಪ್ರಶ್ನೆ: ನಾವು ಮೈಸೂರಿನವರು. ಮಗ, ಸೊಸೆ ಫ್ರಾನ್ಸಿನ ಟುಲೂಸ್‌ನಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದಾರೆ. ಅಕ್ಟೋಬರ್ ಕೊನೆಯ ವಾರ ನಾವು ನಾಲ್ವರೂ ದೋರ್ದೋನ್ ಜಿಲ್ಲೆಯ ಸಾರ್ಲಾ ಊರಿನ ಹೊರಗೆ ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ಅದರಲ್ಲಿ ಒಂದು ದಿನ ಸಂತೆಗೆ ಹೋಗಿ, ಮನೆಗೆ ಬೇಕಾದ್ದನ್ನು ತಂದು, ಕಾರಿನಲ್ಲಿ ಹಳ್ಳಿಕಡೆ ನಿಧಾನವಾಗಿ ಸುತ್ತಬೇಕು ಅಂತ ನನ್ನ ಆಸೆ. ನಮ್ಮ ಯಜಮಾನರ ಪಟ್ಟಿಯೇ ಬೇರೆ. ಸಾರ್ಲಾ, ದೋಮ್, ಬೆನಾಕ್ ಕೋಟೆ, ಲಾಸ್ಕೋ ಗುಹೆ, ರೊಕಮದೂರ್, ಎಲ್ಲವೂ ಅದೇ ದಿನ ಆಗಬೇಕಂತೆ. ಸಾಮಾನು ತರೋಕೆ ಹೋದರೆ ಅರ್ಧ ದಿನ ಹಾಳು ಅಂತಾರೆ. ನಾವು ಸಸ್ಯಾಹಾರಿಗಳು. ಯಜಮಾನರು, ಮಗ ಇಬ್ಬರಿಗೂ ಭಾರತದ ಲೈಸೆನ್ಸ್ ಇದೆ. ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ನಿಮ್ಮ ಆಸೆಯೇ ಸರಿ ಮೇಡಂ. ಯಜಮಾನರ ಪಟ್ಟಿಯಲ್ಲಿ ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆ, ಬಂಡೆಗೆ ಅಂಟಿಕೊಂಡ ಯಾತ್ರಾಸ್ಥಳ ರೊಕಮದೂರ್ ಎರಡನ್ನೂ ಆ ದಿನದಿಂದ ತೆಗೆದುಬಿಡಿ. ಉಳಿದದ್ದು ಆರಾಮಾಗಿ ಆಗುತ್ತದೆ, ಸಾಮಾನೂ ಮನೆಗೆ ಬರುತ್ತದೆ.

ಅವರಿಗೆ ಹೀಗೆ ಹೇಳಿ ನೋಡಿ. ಫ್ರಾನ್ಸಿನ ಹಳ್ಳಿಕಡೆ ದಿನದ ಗಡಿಯಾರ ನಮ್ಮ ಕೈಯಲ್ಲಿಲ್ಲ, ಅಂಗಡಿಗಳ ಕೈಯಲ್ಲಿದೆ. ಬೆಳಿಗ್ಗೆ 9ರಿಂದ 12ರವರೆಗೆ ಊರೆಲ್ಲ ಎದ್ದಿರುತ್ತದೆ. 12 ಆಯಿತೋ, ಬಾಗಿಲು ಹಾಕಲು ಶುರು. 2ರವರೆಗೆ, ಕೆಲವು ಕಡೆ ಎರಡೂವರೆವರೆಗೆ, ಊಟದ ಮನೆ ಬಿಟ್ಟರೆ ಬೀದಿ ಖಾಲಿ. ಅದಾದ ಮೇಲೆ ಮತ್ತೆ ತೆರೆದು ಸಂಜೆ 6–7ಕ್ಕೆ ಮುಚ್ಚುತ್ತಾರೆ. ಬೆಳಿಗ್ಗೆ ಕೋಟೆ ನೋಡಿ ಮಧ್ಯಾಹ್ನ ಸಾಮಾನು ತರೋಣ ಅಂತ ಹೊರಟವರು ಮುಚ್ಚಿದ ಬಾಗಿಲು ನೋಡಿ ವಾಪಸ್ ಬರುತ್ತಾರೆ. ಅದೇ ಬೆಳಿಗ್ಗೆಯೆಲ್ಲ ಕೆಲಸ, 12ಕ್ಕೆ ಊಟ, 2ರ ಮೇಲೆ ಕಾರು ಅಂತ ಇಟ್ಟುಕೊಂಡರೆ ದಿನ ತಾನಾಗಿ ಸಾಗುತ್ತದೆ. ಅಲ್ಲಿಯ ಜನ ಬದುಕುವುದೂ ಹಾಗೇ. ಸಂತೆಯಲ್ಲಿ ಸಾಲಿನಲ್ಲಿ ನಿಂತಾಗ ಸಿಗುವ ಊರು ಕೋಟೆಯ ಟಿಕೆಟ್ ಕಿಟಕಿಯ ಮುಂದೆ ಸಿಗುವುದಿಲ್ಲ.

ಯಾವ ದಿನ ಅನ್ನುವುದು ಮುಖ್ಯ. ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಶನಿವಾರದ್ದು ದೊಡ್ಡದು, ಬಟ್ಟೆಬರೆ ಎಲ್ಲ ಸೇರಿ ಊರಿನ ಮುಖ್ಯ ರಸ್ತೆಯುದ್ದಕ್ಕೂ ಹರಡಿರುತ್ತದೆ. ಆದರೆ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ನಿಮ್ಮ ತಾಳ್ಮೆ ಮುಗಿದಿರುತ್ತದೆ. ನಾನಾದರೆ ಬುಧವಾರ ಹೋಗುತ್ತೇನೆ. ತಿನ್ನುವ ಸಾಮಾನು ಸಾಕಷ್ಟು ಸಿಗುತ್ತದೆ, ಜನ ಕಡಿಮೆ, ಮಾತಾಡಲು ಮಾರುವವರಿಗೂ ಪುರುಸೊತ್ತು ಇರುತ್ತದೆ. ಇನ್ನೊಂದು ಕಾರಣವೂ ಇದೆ. ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆವರೆಗೆ ಅಲ್ಲಿ ಬೇಟೆಯ ಕಾಲ. ಶನಿವಾರ, ಭಾನುವಾರ ಬೇಟೆ ಜಾಸ್ತಿ. ಕಾಡಿನ ಅಂಚಿನ ರಸ್ತೆಯಲ್ಲಿ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡವರು ಬಂದೂಕು ಹಿಡಿದು ನಿಂತಿರುತ್ತಾರೆ, ಎಚ್ಚರಿಕೆಯ ಫಲಕ ಇಟ್ಟಿರುತ್ತಾರೆ. ಅಂಥ ಫಲಕ ಕಂಡ ಕಡೆ ಕಾರಿಳಿದು ಕಾಡೊಳಗೆ ನಡೆಯಬೇಡಿ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಎಷ್ಟೋ ಅಂಗಡಿಗಳಿಗೆ ರಜೆ. ಆ ಎರಡನ್ನೂ ಈ ಕೆಲಸಕ್ಕೆ ಇಟ್ಟುಕೊಳ್ಳಬೇಡಿ.

ಇನ್ನು ಗಾಡಿ ಮತ್ತು ಲೈಸೆನ್ಸ್. ಇದನ್ನು ಈಗಲೇ, ಮೈಸೂರಿನಲ್ಲೇ ಇರುವಾಗ ಸರಿಮಾಡಿಕೊಳ್ಳಬೇಕು. ಯಜಮಾನರು ಪ್ರವಾಸಿಯಾಗಿ ಹೋಗುತ್ತಿರುವುದರಿಂದ ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಂಡರೆ ಓಡಿಸಬಹುದು. ಎರಡೂ ಕೈಯಲ್ಲಿರಬೇಕು, ಒಂದೇ ಸಾಲದು. ಮಗನ ವಿಷಯ ಬೇರೆ. ಯುರೋಪಿನ ಹೊರಗಿನ ಲೈಸೆನ್ಸ್ ಅಲ್ಲಿ ನೆಲೆಸಿದವರಿಗೆ ಮೊದಲ 1 ವರ್ಷ ಮಾತ್ರ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಓದು ಮುಗಿಯುವವರೆಗೆ ವಿನಾಯಿತಿ ಇದೆ, ಕೆಲಸದಲ್ಲಿರುವವರಿಗೆ ಇಲ್ಲ. ಮಗ ಹೋಗಿ ಎರಡು ವರ್ಷ ಆಯಿತು ಅಂದಿದ್ದೀರಿ. ಫ್ರೆಂಚ್ ಲೈಸೆನ್ಸ್ ಮಾಡಿಸಿಕೊಂಡಿಲ್ಲ ಅಂದರೆ ಅವನು ಸ್ಟೇರಿಂಗ್ ಮುಟ್ಟಬಾರದು. ಏನಾದರೂ ಆದರೆ ವಿಮೆ ಕೈಕೊಡುತ್ತದೆ. ಮನೆಯಲ್ಲಿ ಇದನ್ನು ಒಮ್ಮೆ ಬಾಯಿಬಿಟ್ಟು ಕೇಳಿ.

ಬಾಡಿಗೆ ಕಾರು ಅಂದರೆ ಅಲ್ಲಿ ಗೇರ್ ಇರುವುದನ್ನೇ ಕೊಡುವುದು ರೂಢಿ. ಆಟೋಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿ. ನನ್ನ ಸಲಹೆ ಆಟೋಮ್ಯಾಟಿಕ್ಕೇ. ಸ್ಟೇರಿಂಗ್ ಎಡಗಡೆ, ಗೇರು ಬಲಗೈಗೆ, ರಸ್ತೆಯ ಬಲಭಾಗದಲ್ಲಿ ಹೋಗಬೇಕು. ಇಷ್ಟು ಹೊಸದು ಇರುವಾಗ ಒಂದು ಕೆಲಸ ಕಡಿಮೆಯಾದರೆ ಒಳ್ಳೆಯದು ಅಲ್ವಾ? ಮೊದಲ ದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದಷ್ಟು ಸುತ್ತು ಹೊಡೆಯಲಿ. ಪಕ್ಕದಲ್ಲಿ ಕೂತವರಿಗೂ ಒಂದು ಕೆಲಸ ಕೊಡಿ. ಪ್ರತಿ ತಿರುವಿನಲ್ಲೂ ‘ಬಲಕ್ಕೆ ಇರಿ’ ಅಂತ ಬಾಯಿಬಿಟ್ಟು ಹೇಳುವುದು. ನೇರ ರಸ್ತೆಯಲ್ಲಿ ಯಾರೂ ಎಡವುವುದಿಲ್ಲ. ಅಂಗಡಿ ಮುಂದೆ ನಿಲ್ಲಿಸಿದ ಕಾರನ್ನು ಮತ್ತೆ ಖಾಲಿ ರಸ್ತೆಗೆ ಇಳಿಸುವಾಗ ಹಳೆ ಅಭ್ಯಾಸ ಎಡಕ್ಕೆ ಎಳೆಯುತ್ತದೆ.

ನಿಯಮಗಳಲ್ಲಿ ಮೂರು ಮನಸ್ಸಿನಲ್ಲಿರಲಿ. ಊರಿನ ಹೆಸರಿರುವ, ಕೆಂಪು ಅಂಚಿನ ಬಿಳಿ ಫಲಕ ಬಂದರೆ ಅಲ್ಲಿಂದ ವೇಗ 50. ಬೇರೆ ಸಂಖ್ಯೆ ಬರೆದಿಲ್ಲ ಅಂದರೂ 50ಏ. ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ಊರು ಮುಗಿಯಿತು. ಊರಾಚೆ, ನಡುವೆ ವಿಭಜಕ ಇಲ್ಲದ ಎರಡು ಲೇನ್ ರಸ್ತೆಯಲ್ಲಿ 2018ರ ಜುಲೈನಿಂದ 80. ಕೆಲವು ಜಿಲ್ಲೆಗಳು ಕೆಲವು ರಸ್ತೆಗಳಲ್ಲಿ ಮತ್ತೆ 90 ಮಾಡಿವೆ, ಫಲಕ ನೋಡಿಕೊಳ್ಳಿ. ವೇಗ ಹಿಡಿಯುವ ಕ್ಯಾಮೆರಾಗಳು ಹಳ್ಳಿ ರಸ್ತೆಯಲ್ಲೂ ಇವೆ. ದಂಡದ ಚೀಟಿ ಬಾಡಿಗೆ ಕಂಪನಿಯ ಮೂಲಕ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ.

ಎರಡನೆಯದು ನಮಗೆ ಬಹಳ ವಿಚಿತ್ರ ಅನಿಸುವ ನಿಯಮ. ಫಲಕವೇನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನೀವು ಅಗಲವಾದ ರಸ್ತೆಯಲ್ಲಿದ್ದೀರಿ, ಬಲಗಡೆ ಸಂದಿಯಿಂದ ಒಬ್ಬ ಅಜ್ಜ ಹಳೆ ಕಾರಿನಲ್ಲಿ ನೋಡದೆಯೇ ಬಂದುಬಿಡುತ್ತಾನೆ ಅಂದುಕೊಳ್ಳಿ. ತಪ್ಪು ನಿಮ್ಮದು. ನೀವಿರುವ ರಸ್ತೆಗೆ ಹಕ್ಕಿದೆ ಅನ್ನುವುದಕ್ಕೆ ಬಿಳಿ ಅಂಚಿನ ಹಳದಿ ಚೌಕವನ್ನು ಮೂಲೆ ಮೇಲಾಗಿ ನಿಲ್ಲಿಸಿರುತ್ತಾರೆ. ಅದರ ಮೇಲೆ ಕಪ್ಪು ಗೆರೆ ಬಂದರೆ ಹಕ್ಕು ಮುಗಿಯಿತು, ಕಾಲು ಬ್ರೇಕಿನ ಹತ್ತಿರ ಇರಲಿ. ಹಳೆಯ ಊರುಗಳ ಒಳಗೆ ಇದನ್ನು ಮರೆಯಬೇಡಿ. ಮೂರನೆಯದು ವೃತ್ತಗಳು. ಒಳಗೆ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು, ಅವರು ನಿಮ್ಮ ಎಡದಿಂದ ಬರುತ್ತಾರೆ. ಯಾವ ದಾರಿಗೆ ತಿರುಗಬೇಕೋ ಗೊತ್ತಾಗಲಿಲ್ಲ ಅಂದರೆ ಇನ್ನೊಂದು ಸುತ್ತು ಹಾಕಿ. ಯಾರೂ ಏನೂ ಅನ್ನುವುದಿಲ್ಲ.

ಇನ್ನು ಆ ದಿನ. ಬೆಳಿಗ್ಗೆ ಬೇಗ ಏಳುವ ಅಗತ್ಯವೇ ಇಲ್ಲ. ಅಕ್ಟೋಬರ್ ಕೊನೆಗೆ ಅಲ್ಲಿ ಬೆಳಕು ಹರಿಯುವುದೇ ತಡ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದಕ್ಕೆ ಮುಂಚೆ ಸೂರ್ಯ ಹುಟ್ಟುವುದು 8 ಗಂಟೆ ದಾಟಿದ ಮೇಲೆ, ಮುಳುಗುವುದು ಸುಮಾರು 7ಕ್ಕೆ. ಆ ಭಾನುವಾರ ಕಳೆದ ಮೇಲೆ ಸಂಜೆ 6ರ ಒಳಗೇ ಸೂರ್ಯ ಮುಳುಗುತ್ತದೆ. ನಿಮ್ಮ ಬುಧವಾರ ಯಾವ ಕಡೆ ಬೀಳುತ್ತದೆ ಅಂತ ಕ್ಯಾಲೆಂಡರ್ ನೋಡಿ. ಮಧ್ಯಾಹ್ನದ ಸುತ್ತಾಟದ ಲೆಕ್ಕ ಅದರ ಮೇಲೆ ನಿಂತಿದೆ.

ಬೆಳಿಗ್ಗೆ ನದಿ ಕಣಿವೆಯಲ್ಲಿ ದಟ್ಟ ಮಂಜು ಇರುವುದು ಮಾಮೂಲು. ಎಷ್ಟೋ ದಿನ 10–11 ಗಂಟೆವರೆಗೂ ಕರಗುವುದಿಲ್ಲ. ಮಂಜಿನಲ್ಲಿ ಕೋಟೆ ನೋಡಲು ಹೋದರೆ ಕೋಟೆ ಕಾಣುವುದಿಲ್ಲ. ಸಂತೆಗೆ ಮಂಜು ಅಡ್ಡಿಯಲ್ಲ. ಯಜಮಾನರಿಗೆ ಹೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕೇ? ಸ್ವೆಟರ್, ಮೇಲೊಂದು ಜಾಕೆಟ್ ಇರಲಿ. ಮಧ್ಯಾಹ್ನ ಬಿಸಿಲು ಬಂದರೆ ಜಾಕೆಟ್ ತೆಗೆಯುತ್ತೀರಿ.

9 ಗಂಟೆಗೆ ಸಾರ್ಲಾ ತಲುಪಿ. ಕಾರನ್ನು ಹಳೆ ಊರಿನ ಹೊರಗೇ ನಿಲ್ಲಿಸಿ ನಡೆದುಹೋಗಿ. ಜೇನಿನ ಬಣ್ಣದ ಕಲ್ಲಿನ ಊರು ಅದು. 1962ರಲ್ಲಿ ಫ್ರಾನ್ಸ್ ಹಳೆಯ ಪೇಟೆಗಳನ್ನು ಇಡಿಯಾಗಿ ಉಳಿಸಿಕೊಳ್ಳುವ ಕಾನೂನು ತಂದಿತು. ಆ ಕಾನೂನಿನಡಿ ಮೊದಮೊದಲು ರಿಪೇರಿಯಾದ ಊರುಗಳಲ್ಲಿ ಇದೂ ಒಂದು. ಅದಕ್ಕೇ ಒಂದೆರಡು ಕಟ್ಟಡವಲ್ಲ, ಬೀದಿಗೆ ಬೀದಿಯೇ ಹಳೆಯದಾಗಿ ಉಳಿದಿದೆ. ಸಂತೆ ಚೌಕದ ಪಕ್ಕ ಸಾಂತ್ ಮರಿ ಅನ್ನುವ ಹಳೆ ಚರ್ಚಿದೆ. ಈಗ ಅದರೊಳಗೆ ಮಾರುಕಟ್ಟೆ ನಡೆಯುತ್ತದೆ. ಅದಕ್ಕೆ ಕಟ್ಟಡದಷ್ಟೇ ಎತ್ತರದ ಉಕ್ಕಿನ ಬಾಗಿಲುಗಳನ್ನು ಹಾಕಿಸಿದವರು ವಾಸ್ತುಶಿಲ್ಪಿ ಜಾಂ ನೂವೆಲ್. ಅವರು ಬಾಲ್ಯ ಕಳೆದದ್ದು ಇದೇ ಊರಿನಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದು ಬಾತುಕೋಳಿಯ ಸೀಮೆ. ಸಂತೆಯ ಅರ್ಧ ಅಂಗಡಿಗಳಲ್ಲಿ ಬಾತುಕೋಳಿ, ಅದರ ಪಿತ್ತಜನಕಾಂಗ, ಅದರ ಕೊಬ್ಬಿನ ಡಬ್ಬಿ ಇರುತ್ತವೆ. ಚರ್ಚಿನ ಒಳಗಂತೂ ಜಾಸ್ತಿ. ನಿಮಗೆ ನೋಡಲು ಕಷ್ಟವಾದರೆ ಹೊರಗಿನ ಹಣ್ಣು ತರಕಾರಿಯ ಸಾಲಿನಲ್ಲೇ ಇರಿ. ಕೊಳ್ಳಬೇಕಾದ್ದೆಲ್ಲ ಅಲ್ಲೇ ಇದೆ. ಅಂಜೂರ, ದ್ರಾಕ್ಷಿ, ಸೇಬು, ಕುಂಬಳ, ಚೆಸ್ಟ್‌ನಟ್, ಕಾಡಿನ ಅಣಬೆ. ಎಲ್ಲಕ್ಕಿಂತ ಮೇಲಾಗಿ ಅಕ್ರೋಟು.

ಅಕ್ರೋಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪೆರಿಗೋರ್ ಅಂತ ಹಳೆಯ ಹೆಸರಿರುವ ಆ ಸೀಮೆಯ ಅಕ್ರೋಟಿಗೆ 2002ರಲ್ಲಿ ಊರಿನ ಹೆಸರಿನ ಮಾನ್ಯತೆ ಸಿಕ್ಕಿದೆ. ನಮ್ಮ ನಂಜನಗೂಡು ರಸಬಾಳೆಗೆ ಇರುವಂಥದ್ದೇ. ಮಾರ್ಬೋ, ಫ್ರಾಂಕೆತ್, ಕೋರ್ನ್, ಗ್ರಾಂಜಾಂ ಅಂತ ನಾಲ್ಕು ತಳಿ ಅದರಲ್ಲಿ ಸೇರಿವೆ. ಕೊಯ್ಲು ಸೆಪ್ಟೆಂಬರ್ ಕೊನೆಯಿಂದ ಶುರು. ನಾವು ಇಲ್ಲಿ ತಿನ್ನುವುದು ಒಣಗಿದ ಅಕ್ರೋಟು. ಅಲ್ಲಿ ಕೊಯ್ಲಿನ ಕಾಲದಲ್ಲಿ ಹಸಿಯದೂ ಮಾರುತ್ತಾರೆ. ಅದರ ಚಿಪ್ಪು ಒದ್ದೆಯಾಗಿರುತ್ತದೆ, ಕೆಲವೊಮ್ಮೆ ಕಪ್ಪು ಕಲೆಯೂ ಇರುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ. ಒಡೆದರೆ ಒಳಗಿನ ತಿರುಳು ಬೆಳ್ಳಗೆ, ಮೇಲೊಂದು ತೆಳು ಹಳದಿ ಸಿಪ್ಪೆ. ಆ ಸಿಪ್ಪೆ ಕಹಿ. ಉಗುರಿನಿಂದ ಒಂದು ಮೂಲೆ ಎತ್ತಿದರೆ ಸರಾಗವಾಗಿ ಸುಲಿದು ಬರುತ್ತದೆ. ಸುಲಿದ ತಿರುಳನ್ನು ಬಾಯಿಗೆ ಹಾಕಿಕೊಂಡರೆ ಕಚಕ್ ಅನ್ನುತ್ತದೆ, ಎಳೆ ಬಾದಾಮಿಯ ಹಾಲಿನಂಥ ಸಿಹಿ. ಒಣಗಿದ ಮೇಲೆ ಆ ಸಿಪ್ಪೆ ಅಂಟಿಕೊಂಡುಬಿಡುತ್ತದೆ, ರುಚಿಯೂ ಬೇರೆಯಾಗುತ್ತದೆ. ಕೊನೆಯ ವಾರಕ್ಕೆ ಹಸಿ ಕಾಯಿ ಮುಗಿಯುತ್ತಾ ಬಂದಿರುತ್ತದೆ. ಕಂಡರೆ ಬಿಡಬೇಡಿ. ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ. ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಊರಿಗೆ ತರುವುದಾದರೆ ಒಣಗಿದ್ದನ್ನೇ ಕೊಳ್ಳಿ.

ರಸ್ತೆ ಬದಿಯಲ್ಲಿ ಅಕ್ರೋಟು ಮರಗಳ ಸಾಲು ಕಾಣುತ್ತದೆ, ಕೆಳಗೆ ಕಾಯಿ ಬಿದ್ದಿರುತ್ತದೆ. ಆರಿಸಿಕೊಳ್ಳಬೇಡಿ. ಅದು ಯಾರದೋ ಬೆಳೆ. ಕೊಯ್ಲಿನ ಯಂತ್ರ ಎತ್ತಿಕೊಳ್ಳುವುದೂ ನೆಲಕ್ಕೆ ಬಿದ್ದ ಕಾಯಿಯನ್ನೇ. ಕಾಡಿನ ಅಣಬೆಗೂ ಇದೇ ಮಾತು. ಅಣಬೆ ಜಾಗದ ಮಾಲೀಕನಿಗೆ ಸೇರಿದ್ದು ಅಂತ ಫ್ರೆಂಚ್ ಕಾನೂನು ಹೇಳುತ್ತದೆ. ಅಣಬೆ ತಿನ್ನುವ ಆಸೆ ಇದ್ದರೆ ಸಂತೆಯಲ್ಲಿ ಸೆಪ್ ಅನ್ನುವ ದಪ್ಪ ಕಾಂಡದ, ಕಂದು ತಲೆಯ ಅಣಬೆ ಕೊಳ್ಳಿ. ಮಳೆಯಾದ ಮೇಲಿನ ವಾರದಲ್ಲಿ ಹೆಚ್ಚು ಬರುತ್ತದೆ. ಬೆಳ್ಳುಳ್ಳಿ ಹಾಕಿ ಬೆಣ್ಣೆಯಲ್ಲಿ ಹುರಿದರೆ ಬೇರೇನೂ ಬೇಡ.

ಕೊಳ್ಳುವ ಮರ್ಯಾದೆ ಒಂದಿದೆ. ಯಾವ ಅಂಗಡಿಗೆ ಹೋದರೂ, ಸಂತೆಯ ಮೇಜಿನ ಮುಂದೆ ನಿಂತರೂ, ಮೊದಲ ಮಾತು ‘ಬೋಂಜೂರ್’. ಬೆಲೆ ಕೇಳುವುದು ಆಮೇಲೆ. ಇದನ್ನು ಹೇಳದೆ ನೇರವಾಗಿ ‘ಇದೆಷ್ಟು?’ ಅಂದರೆ ಅವರ ಮುಖ ಗಂಟಿಕ್ಕುತ್ತದೆ. ಪ್ರವಾಸಿಗಳು ಫ್ರೆಂಚರು ಸಿಡುಕರು ಅಂತ ದೂರುವುದರಲ್ಲಿ ಹೆಚ್ಚಿನದು ಇಲ್ಲಿಂದಲೇ ಹುಟ್ಟುವುದು. ಹಣ್ಣನ್ನು ಕೈಯಲ್ಲಿ ಹಿಚುಕಿ ನೋಡಬೇಡಿ. ಇವತ್ತಿಗೋ ನಾಳೆಗೋ ಅಂತ ಅವರೇ ಕೇಳಿ ಅದಕ್ಕೆ ತಕ್ಕ ಹಣ್ಣು ಆರಿಸಿ ಕೊಡುತ್ತಾರೆ. ಚೌಕಾಸಿ ಇಲ್ಲ. ಸಣ್ಣ ನೋಟು, ಚಿಲ್ಲರೆ ಇರಲಿ, ಎಲ್ಲರೂ ಕಾರ್ಡ್ ತೆಗೆದುಕೊಳ್ಳುವುದಿಲ್ಲ.

ಬ್ರೆಡ್ಡನ್ನು ಸಂತೆಯಿಂದ ಹೊರಡುವ ಮುಂಚೆ ಕೊಳ್ಳಿ. ಸುಮ್ನೆ ‘ಬಗೆತ್’ ಅನ್ನಬೇಡಿ, ‘ತ್ರಾದಿಸಿಯೋಂ’ ಕೇಳಿ. 1993ರ ಸರ್ಕಾರಿ ನಿಯಮದ ಪ್ರಕಾರ ಆ ಹೆಸರಿನ ಬ್ರೆಡ್ಡಿಗೆ ರಾಸಾಯನಿಕ ಬೆರೆಸುವಂತಿಲ್ಲ, ಹಿಟ್ಟನ್ನು ಫ್ರೀಜ್ ಮಾಡುವಂತಿಲ್ಲ. ಬೆಲೆ ಸ್ವಲ್ಪ ಜಾಸ್ತಿ, ರುಚಿ ಬಹಳ ಜಾಸ್ತಿ. ಸಂಜೆಗೆ ಅದು ಮೆತ್ತಗಾಗಿ ಮರುದಿನ ಕಟ್ಟಿಗೆಯಾಗುತ್ತದೆ. ಆದ್ದರಿಂದ ಆ ದಿನಕ್ಕೆ ಬೇಕಾದಷ್ಟೇ. ನಾಳೆಗೂ ಬೇಕಿದ್ದರೆ ಹುಳಿಹಿಟ್ಟಿನ ದುಂಡು ಬ್ರೆಡ್ಡು ಕೇಳಿ, ಅದು ಮೂರು ದಿನ ಚೆನ್ನಾಗಿರುತ್ತದೆ.

ಈಗ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಉಳಿದ ಕೆಲಸಕ್ಕೆ ಊರಿನ ಅಂಚಿನ ದೊಡ್ಡ ಸೂಪರ್‌ಮಾರ್ಕೆಟ್ಟಿಗೆ ಹೋಗಿ. ಹಾಲು, ಮೊಸರು, ಅಕ್ಕಿ, ಬೇಳೆ ಎಲ್ಲ ಅಲ್ಲೇ. ತಳ್ಳುಗಾಡಿ ಬಿಡಿಸಿಕೊಳ್ಳಲು 1 ಯೂರೋ ನಾಣ್ಯ ಬೇಕಾಗಬಹುದು. ಚೀಲ ನೀವೇ ಒಯ್ಯಿರಿ. ಇಂಥ ಅಂಗಡಿಗಳ ಪಾರ್ಕಿಂಗ್‌ನಲ್ಲಿ ಎಷ್ಟೋ ಕಡೆ ದೊಡ್ಡ ಬಟ್ಟೆ ಒಗೆಯುವ ಯಂತ್ರ, ಒಣಗಿಸುವ ಯಂತ್ರ ಬಯಲಲ್ಲೇ ಇರುತ್ತವೆ. ನಾಲ್ವರ ಬಟ್ಟೆ ಒಂದೇ ಸಲಕ್ಕೆ ಹಿಡಿಸುತ್ತದೆ. ಯಂತ್ರಕ್ಕೆ ಹಾಕಿ ಒಳಗೆ ಹೋದರೆ ಸಾಮಾನು ಕೊಂಡು ಬರುವಷ್ಟರಲ್ಲಿ ಒಗೆದಾಗಿರುತ್ತದೆ. ಬಾಡಿಗೆ ಮನೆಯಲ್ಲಿ ಮಂಜಿನ ದಿನ ಬಟ್ಟೆ ಒಣಗುವುದಿಲ್ಲ. ಹಾಗಾಗಿ ಇದು ನಿಜವಾಗಿ ಉಪಕಾರ.

ಪೆಟ್ರೋಲೂ ಅಲ್ಲೇ ಹಾಕಿಸಿ. ಹೆದ್ದಾರಿ ಬಂಕಿಗಿಂತ ಸೂಪರ್‌ಮಾರ್ಕೆಟ್ ಬಂಕಿನಲ್ಲಿ ಅಗ್ಗ. ನೀವೇ ತುಂಬಿಸಿಕೊಳ್ಳಬೇಕು. ‘ಗಾಜೋಲ್’ ಅಂದರೆ ಡೀಸೆಲ್, ಹೆಸರು ಕೇಳಿ ಪೆಟ್ರೋಲ್ ಅಂದುಕೊಂಡು ಹಾಕಿಬಿಟ್ಟರೆ ಎಂಜಿನ್ನಿಗೆ ಕುತ್ತು. ಟ್ಯಾಂಕಿನ ಮುಚ್ಚಳದ ಒಳಗೆ ಇ10 ಅಂತಿದ್ದರೆ ಪೆಟ್ರೋಲ್, ಬಿ7 ಅಂತಿದ್ದರೆ ಡೀಸೆಲ್. ಪಂಪಿನ ಮೇಲೂ ಅದೇ ಗುರುತು ಇರುತ್ತದೆ. ಎರಡನ್ನೂ ತಾಳೆ ನೋಡಿ ಹಾಕಿ. ಕಾರ್ಡ್ ಹಾಕಿದ ತಕ್ಷಣ ಪಂಪು ದೊಡ್ಡ ಮೊತ್ತವನ್ನು ತಡೆಹಿಡಿಯುತ್ತದೆ, ಆಮೇಲೆ ಹಾಕಿಸಿದಷ್ಟಕ್ಕೇ ಕಡಿತವಾಗುತ್ತದೆ. ಬ್ಯಾಂಕಿನ ಮೆಸೇಜ್ ನೋಡಿ ಗಾಬರಿಯಾಗಬೇಡಿ.

ಮಾತ್ರೆ ಮಾತ್ರ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ. ಜ್ವರದ ಪ್ಯಾರಾಸಿಟಮಾಲ್ ಕೂಡ ಹಸಿರು ಶಿಲುಬೆಯ ಔಷಧಿ ಅಂಗಡಿಯಲ್ಲೇ, ಅದೂ ಕೌಂಟರಿನಲ್ಲಿ ಕೇಳಿ ಪಡೆಯಬೇಕು. ನಿಮ್ಮ ಬಿಪಿ, ಸಕ್ಕರೆ ಮಾತ್ರೆಗಳನ್ನು ಮೈಸೂರಿನಿಂದಲೇ ಪೂರ್ತಿ ಒಯ್ಯಿರಿ, ಚೀಟಿಯೂ ಜೊತೆಗಿರಲಿ. ಈ ತಿಂಗಳಲ್ಲಿ ಔಷಧಿ ಅಂಗಡಿಗೆ ಹೋದರೆ ಒಂದು ದೃಶ್ಯ ಸಿಗಬಹುದು. ಯಾರೋ ಬುಟ್ಟಿಯಲ್ಲಿ ಕಾಡಿನ ಅಣಬೆ ತಂದು ಕೌಂಟರಿನ ಮೇಲೆ ಇಟ್ಟಿರುತ್ತಾರೆ. ಔಷಧಿ ಅಂಗಡಿಯವರು ಒಂದೊಂದನ್ನೇ ತಿರುಗಿಸಿ, ಅಡಿಯ ಪದರ ನೋಡಿ, ಮೂಸಿ, ತಿನ್ನುವುದು ಯಾವುದು, ವಿಷ ಯಾವುದು ಅಂತ ಬೇರೆ ಮಾಡುತ್ತಾರೆ. ಓದಿನಲ್ಲೇ ಅವರಿಗೆ ಅಣಬೆಯ ಪಾಠ ಇರುತ್ತದೆ. ಈಗ ಎಲ್ಲರೂ ಒಪ್ಪಿಕೊಳ್ಳುವುದಿಲ್ಲ, ಆದರೂ ಹಳ್ಳಿಕಡೆ ಈ ರೂಢಿ ಪೂರ್ತಿ ಹೋಗಿಲ್ಲ. ಅಂಚೆ ಚೀಟಿಗೆ ಅಂಚೆ ಕಚೇರಿ ಹುಡುಕಬೇಡಿ. ತಂಬಾಕು ಮಾರುವ ‘ತಬಾ’ ಅಂಗಡಿಯಲ್ಲೂ ಸಿಗುತ್ತದೆ.

ಆ ವಾರ ಅಂಗಡಿಗಳ ಮುಂದೆ ಕುಂಡಗಟ್ಟಲೆ ಸೇವಂತಿಗೆ ಇಟ್ಟಿರುತ್ತಾರೆ. ಹಳದಿ, ಬಿಳಿ, ನೇರಳೆ, ನೋಡಿದರೆ ನಮಗೆ ಹಬ್ಬ ಬಂದ ಹಾಗಿರುತ್ತದೆ. ನವೆಂಬರ್ 1 ಅಲ್ಲಿ ಸಾರ್ವತ್ರಿಕ ರಜೆ, ತೀರಿಕೊಂಡವರ ಸಮಾಧಿಗೆ ಹೂವಿಡುವ ಸಮಯ. ಆ ಸೇವಂತಿಗೆ ಅದಕ್ಕೆ. ಮನೆ ಬಾಡಿಗೆ ಕೊಟ್ಟ ಅಮ್ಮನಿಗೆ ಪ್ರೀತಿಯಿಂದ ಒಂದು ಸೇವಂತಿಗೆ ಕುಂಡ ಕೊಡೋಣ ಅಂತ ಮಾತ್ರ ಹೋಗಬೇಡಿ. ಅವರಿಗೆ ಅದು ಸಾವಿನ ಹೂವು. ಕೊಡುವುದಿದ್ದರೆ ಮೈಸೂರು ಪಾಕ್ ಕೊಡಿ.

ಊಟಕ್ಕೆ 12ರಿಂದ ಒಂದೂವರೆಯೊಳಗೆ ಕೂರಬೇಕು. 2ಕ್ಕೆ ಹೋದರೆ ಅಡುಗೆಮನೆ ಮುಚ್ಚಿದೆ ಅಂತಾರೆ. ನಿಮ್ಮ ಮುಖ್ಯ ತೊಂದರೆ ಇರುವುದು ಇಲ್ಲಿ. ಆಲೂಗಡ್ಡೆ ಹುರಿದದ್ದು ಸಸ್ಯಾಹಾರವೇ ಅಲ್ಲವಾ ಅಂದುಕೊಳ್ಳುತ್ತೀರಿ. ಸಾರ್ಲಾದ ಹೆಸರಿನಲ್ಲೇ ಇರುವ ಪ್ರಸಿದ್ಧ ಆಲೂಗಡ್ಡೆಯನ್ನು ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಬಿಸಿ ಮೇಕೆ ಚೀಸಿನ ಸಲಾಡ್ ಮೇಲೆ ಹಂದಿಮಾಂಸದ ಚೂರು ಉದುರಿಸಿರಬಹುದು. ತರಕಾರಿ ಸೂಪಿನ ತಳದಲ್ಲಿ ಮೂಳೆಯ ರಸ ಇರಬಹುದು. ‘ಸಸ್ಯಾಹಾರಿ’ ಅಂದರೆ ಮೀನು ನಡೆಯುತ್ತದಲ್ಲ ಅನ್ನುವವರೂ ಇದ್ದಾರೆ. ಅದಕ್ಕೆ ಬಿಡಿಸಿ ಹೇಳಿ: ‘ಸಾಂ ವಿಯಾಂದ್, ಸಾಂ ಪ್ವಸೋಂ, ಸಾಂ ಗ್ರೆಸ್ ದ ಕನಾರ್’. ಮಾಂಸ ಬೇಡ, ಮೀನು ಬೇಡ, ಬಾತುಕೋಳಿ ಕೊಬ್ಬು ಬೇಡ ಅಂತ. ಇದನ್ನು ಸೊಸೆಯ ಕೈಲಿ ಫ್ರೆಂಚಿನಲ್ಲಿ ಬರೆಸಿ ಚೀಟಿ ಇಟ್ಟುಕೊಳ್ಳಿ. ಚೀಸಿನ ವಿಷಯದಲ್ಲೂ ಕಟ್ಟುನಿಟ್ಟಾಗಿದ್ದರೆ ತಿಳಿದಿರಲಿ: ಅಲ್ಲಿಯ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಒಡೆಯಲು ಬಳಸುವುದು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್.

ಇಷ್ಟೆಲ್ಲ ರಗಳೆ ಬೇಡ ಅನಿಸಿದರೆ ಸಂತೆಯ ಸಾಮಾನಿನಲ್ಲೇ ಊಟ ಮಾಡಿ. ಬಿಸಿಲಿದ್ದರೆ ನಾನು ಅದನ್ನೇ ಮಾಡಿ ಅನ್ನುತ್ತೇನೆ. ಸಾರ್ಲಾದಿಂದ ದಕ್ಷಿಣಕ್ಕೆ ವಿತ್ರಾಕ್ ಹತ್ತಿರ ನದಿ ದಡದಲ್ಲಿ ಕೂರಲು ಜಾಗವಿದೆ. ಬ್ರೆಡ್ಡು, ಟೊಮೆಟೊ, ಅಂಜೂರ, ದ್ರಾಕ್ಷಿ, ಅಕ್ರೋಟು, ಜೊತೆಗೆ ಮನೆಯಿಂದ ತಂದ ಚಟ್ನಿಪುಡಿ. ಅಕ್ರೋಟು ಒಡೆಯುವ ಇಕ್ಕಳ ಮರೆಯಬೇಡಿ.

2 ಗಂಟೆಗೆ ಕಾರು ಹತ್ತಿ. ಮಂಜು ಹೋಗಿರುತ್ತದೆ. ಡಿ46 ರಸ್ತೆಯಲ್ಲಿ ನದಿ ದಾಟಿ ಬೆಟ್ಟ ಹತ್ತಿದರೆ ದೋಮ್. 1281ರಲ್ಲಿ ರಾಜ ಮೂರನೇ ಫಿಲಿಪ್ ಕಟ್ಟಿಸಿದ ಕೋಟೆಯೂರು ಅದು. ಅಂಗಡಿ ಬೀದಿಯನ್ನು ಬೇಗ ದಾಟಿ ತುದಿಯ ಕಟ್ಟೆಗೆ ಹೋಗಿ ನಿಲ್ಲಿ. ಕೆಳಗೆ ದೋರ್ದೋನ್ ನದಿ ಬಳುಕಿಕೊಂಡು ಹೋಗುತ್ತದೆ. ದಡದ ಪಾಪ್ಲರ್ ಮರಗಳು ಹಳದಿ, ಅಕ್ರೋಟು ತೋಟಗಳು ಆಗಲೇ ಬೋಳು, ಉತ್ತ ಹೊಲಗಳು ಕಂದು, ಗುಡ್ಡದ ಓಕ್ ಮರಗಳು ಇನ್ನೂ ಅರ್ಧ ಹಸಿರು. ಕೆನಡಾ, ಅಮೆರಿಕದ ಫೋಟೊಗಳಲ್ಲಿ ನೋಡುವ ಕಡುಗೆಂಪು ಕಾಡನ್ನು ಇಲ್ಲಿ ನಿರೀಕ್ಷಿಸಬೇಡಿ. ಇಲ್ಲಿ ಓಕ್, ಚೆಸ್ಟ್‌ನಟ್ ಜಾಸ್ತಿ. ಅವು ಹಳದಿಗೆ, ಕಂದಿಗೆ, ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಮಧ್ಯಾಹ್ನದ ಓರೆ ಬಿಸಿಲಿನಲ್ಲಿ ಆ ಬಣ್ಣವೇ ಚೆಂದ.

ಇಳಿದು ಡಿ703 ಹಿಡಿದರೆ ನದಿ ಪಕ್ಕದಲ್ಲೇ ದಾರಿ. ಮೊದಲು ಸಿಗುವುದು ಲಾ ರೋಕ್ ಗಜಾಕ್. ದೊಡ್ಡ ಬಂಡೆಗೋಡೆಗೆ ಒರಗಿಕೊಂಡ ಒಂದೇ ಸಾಲಿನ ಊರು. ಬಂಡೆ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಹೀರಿಕೊಳ್ಳುವುದರಿಂದ ಅದರ ಬುಡದಲ್ಲಿ ತಾಳೆ, ಬಾಳೆ ಗಿಡ ಬೆಳೆಯುತ್ತವೆ. ಫ್ರಾನ್ಸಿನ ಆ ಚಳಿಯಲ್ಲಿ ಬಾಳೆ ಗಿಡ ಕಂಡರೆ ನಿಮಗೆ ಖುಷಿಯಾಗುತ್ತದೆ. ಆದರೆ ಅದೇ ಬಂಡೆ 1957ರ ಜನವರಿಯಲ್ಲಿ ಒಂದು ಕಡೆ ಕುಸಿದು ಮೂವರನ್ನು ಬಲಿ ತೆಗೆದುಕೊಂಡಿತು. ಹಿಂದೆ ಇಲ್ಲಿಂದ ಗಬಾರ್ ಅನ್ನುವ ಚಪ್ಪಟೆ ತಳದ ದೋಣಿಗಳಲ್ಲಿ ಮರ, ವೈನ್ ತುಂಬಿಕೊಂಡು ಬೋರ್ದೋ ಕಡೆಗೆ ಹೋಗುತ್ತಿದ್ದರು. ಈಗ ಅದೇ ಮಾದರಿಯ ದೋಣಿಗಳಲ್ಲಿ ಪ್ರವಾಸಿಗಳನ್ನು ಒಂದು ಗಂಟೆ ಸುತ್ತಿಸುತ್ತಾರೆ. ಆ ಹೊತ್ತಿಗೆ ಇನ್ನೂ ನಡೆಯುತ್ತಿದ್ದರೆ ಹತ್ತಿ. ಕೋಟೆಗಳು ನದಿಯಿಂದಲೇ ಚೆನ್ನಾಗಿ ಕಾಣುತ್ತವೆ, ಯಜಮಾನರಿಗೂ ಸಮಾಧಾನ.

ಮುಂದೆ ಬೆನಾಕ್. ಬಂಡೆಯ ತುದಿಯಲ್ಲಿ ಕೋಟೆ, ನದಿಯಾಚೆ ಎದುರಿಗೆ ಕಾಸ್ತೆಲ್ನೋ ಕೋಟೆ. ನೂರು ವರ್ಷದ ಯುದ್ಧದಲ್ಲಿ ಇದು ಫ್ರೆಂಚರ ಕಡೆ, ಅದು ಇಂಗ್ಲಿಷರ ಕೈಯಲ್ಲಿ. ನಡುವೆ ಬರೀ ನದಿ. ಒಂದೇ ಕೋಟೆಯ ಒಳಗೆ ಹೋಗಿ, ಬೆನಾಕ್ ಸಾಕು. ಊರಿನಿಂದ ಮೇಲಕ್ಕೆ ಕಲ್ಲುಹಾಸಿನ ಕಡಿದಾದ ದಾರಿ, ಮಂಡಿನೋವಿದ್ದರೆ ಕಷ್ಟ. ಹಿಂದಿನಿಂದ ಕಾರಿನಲ್ಲೇ ಮೇಲಕ್ಕೆ ಹೋಗಬಹುದು. ಅಲ್ಲಿಂದ ವೆಜಾಕ್ ಮೇಲೆ ಡಿ57ರಲ್ಲಿ ಸಾರ್ಲಾಕ್ಕೆ 11 ಕಿ.ಮೀ. ಇಡೀ ಸುತ್ತು 40 ಕಿ.ಮೀ. ಒಳಗೇ. ಅಷ್ಟು ಕಡಿಮೆ ದಾರಿಗೆ ಇಡೀ ಮಧ್ಯಾಹ್ನವೇ ಅಂತ ಯಜಮಾನರು ಕೇಳಿದರೆ, ಹೌದು, ಇಡೀ ಮಧ್ಯಾಹ್ನವೇ. ಟ್ರ್ಯಾಕ್ಟರ್ ಹಿಂದೆ ಸಿಕ್ಕಿಹಾಕಿಕೊಂಡರೆ ಹಾರ್ನ್ ಹೊಡೆಯದೆ ಹಿಂದೆಯೇ ಹೋಗಿ. ನಿಮ್ಮ ಹಿಂದೆ ಸ್ಥಳೀಯರು ಅವಸರದಲ್ಲಿದ್ದರೆ ಜಾಗ ನೋಡಿ ಬದಿಗೆ ನಿಲ್ಲಿಸಿ ಬಿಟ್ಟುಕೊಡಿ.

ಮಳೆ ಬಂದರೆ ದೋಮ್ ಬಿಟ್ಟು ಸಾರ್ಲಾದ ಪೂರ್ವಕ್ಕೆ ಸಾಂತ್ ನತಲೆನ್ ಹಳ್ಳಿಗೆ ಹೋಗಿ. ಅಲ್ಲಿ 16ನೇ ಶತಮಾನದ, ನೀರಿನಿಂದ ತಿರುಗುವ ಅಕ್ರೋಟು ಎಣ್ಣೆ ಗಾಣ ಇದೆ. ತಿರುಳನ್ನು ಕಲ್ಲಿನ ಚಕ್ರದಡಿ ಅರೆದು, ಆ ಮುದ್ದೆಯನ್ನು ಬೆಂಕಿಯ ಮೇಲೆ ಹದವಾಗಿ ಬಿಸಿ ಮಾಡಿ, ಒತ್ತಿ ಎಣ್ಣೆ ತೆಗೆಯುತ್ತಾರೆ. 1 ಲೀಟರಿಗೆ ಸುಮಾರು 2 ಕಿಲೋ ತಿರುಳು ಬೇಕು, ಬೆಲೆ ಅದಕ್ಕೇ ಹೆಚ್ಚು. ಗಾಣ ಎಲ್ಲ ದಿನ ತಿರುಗುವುದಿಲ್ಲ, ಹೋಗುವ ಮುಂಚೆ ಸೊಸೆಯ ಕೈಲಿ ಫೋನ್ ಮಾಡಿಸಿ. ಎಣ್ಣೆಯನ್ನು ಒಗ್ಗರಣೆಗೆ ಬಳಸಬೇಡಿ, ಕಾದರೆ ಪರಿಮಳ ಹೋಗಿ ಕಹಿಯಾಗುತ್ತದೆ. ಸೌತೆಕಾಯಿ ಕೋಸಂಬರಿಯ ಮೇಲೆ ಹಸಿಯಾಗಿ ಒಂದು ಚಮಚ ಹಾಕಿ ನೋಡಿ. ಚಿಕ್ಕ ಬಾಟಲಿಯೇ ಸಾಕು, ತೆರೆದ ಮೇಲೆ ಫ್ರಿಜ್‌ನಲ್ಲಿಡಿ. ವಿಮಾನದಲ್ಲಿ ಕೈಚೀಲಕ್ಕೆ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕಿ.

ಕತ್ತಲಾಗುವ ಮುಂಚೆ ಮನೆ ಸೇರಿಕೊಳ್ಳಿ, ಇದರಲ್ಲಿ ರಾಜಿ ಬೇಡ. ಸಂಜೆ ಬೆಳಕು ಕುಗ್ಗುವಾಗ ಜಿಂಕೆ, ಕಾಡುಹಂದಿ ರಸ್ತೆಗೆ ಇಳಿಯುತ್ತವೆ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ, ತಕ್ಷಣ ವೇಗ ಏರಿಸಬೇಡಿ. ರಸ್ತೆಯ ಮೇಲೆ ಒದ್ದೆ ಎಲೆ, ಟ್ರ್ಯಾಕ್ಟರಿನ ಕೆಸರು ಇರುತ್ತದೆ, ತಿರುವಿನಲ್ಲಿ ಜಾರುತ್ತದೆ. ಹಳ್ಳಿ ರಸ್ತೆಗಳಲ್ಲಿ ದೀಪ ಇಲ್ಲ.

ಇನ್ನು ಯಜಮಾನರ ಲಾಸ್ಕೋ, ರೊಕಮದೂರ್. ಲಾಸ್ಕೋ ಇರುವುದು ಮೋಂತಿನ್ಯಾಕ್‌ನಲ್ಲಿ, ಸಾರ್ಲಾದಿಂದ ಉತ್ತರಕ್ಕೆ ಅರ್ಧ ಗಂಟೆ. 1940ರ ಸೆಪ್ಟೆಂಬರ್‌ನಲ್ಲಿ ಹುಡುಗರಿಗೆ ಸಿಕ್ಕ ಆ ಗುಹೆಯನ್ನು, ಜನರ ಉಸಿರಿನಿಂದ ಚಿತ್ರಗಳು ಹಾಳಾಗುತ್ತಿವೆ ಅಂತ 1963ರಲ್ಲೇ ಮುಚ್ಚಿದರು. ಈಗ ನೋಡುವುದು 2016ರಲ್ಲಿ ತೆರೆದ ಅದರ ಪೂರ್ತಿ ಪ್ರತಿಕೃತಿ. ಅದಕ್ಕೆ ಅರ್ಧ ದಿನ ಬೇಕು, ಹೊತ್ತು ಗೊತ್ತುಮಾಡಿದ ಟಿಕೆಟ್ ಬೇಕು. ಆ ವಾರ ಅಲ್ಲಿ ಶಾಲೆಗಳಿಗೂ ರಜೆ ಇರುತ್ತದೆ, ಟಿಕೆಟ್ ಬೇಗ ಖಾಲಿಯಾಗುತ್ತದೆ. ಗುರುವಾರಕ್ಕೆ ಈಗಲೇ ಆನ್‌ಲೈನ್‌ನಲ್ಲಿ ಕಾದಿರಿಸಿ. ರೊಕಮದೂರ್ ಪೂರ್ವಕ್ಕೆ, ಒಂದು ಗಂಟೆಯ ದಾರಿ. ಟುಲೂಸ್‌ಗೆ ವಾಪಸ್ ಹೊರಡುವ ದಿನ ದಾರಿಯಲ್ಲಿ ಸ್ವಲ್ಪ ಬಳಸಿಕೊಂಡು ನೋಡಿ ಹೋಗಬಹುದು. ಹಾಗೆ ಮಾಡುವುದಿದ್ದರೆ ಬೆಳಿಗ್ಗೆ 9ರೊಳಗೆ ಮನೆ ಬಿಡಿ.